ಸಂಬಳ 20ನೇ ತಾರೀಖಿಗೇ ಖಾಲಿ ಆಗ್ತಿದೆ, ಬಜೆಟ್ ಆ್ಯಪ್ ಬಳಸಿದವರು ಅನುಭವ ಹೇಳಿ

ಕೊಪ್ಪಳದಿಂದ, ಕೇಳಿದವರು:

ಗಿಣಿಗೇರಾ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ. ಕೈಗೆ 23,500 ಬರುತ್ತದೆ. ಬಾಡಿಗೆ 5,000, ಬೈಕ್ ಕಂತು 3,200, ಊರಲ್ಲಿರುವ ಅವ್ವನಿಗೆ 4,000. ಉಳಿಯುವುದು 11,300. ನಾನು, ಹೆಂಡತಿ, ಮೂರು ವರ್ಷದ ಮಗಳು. ದುಂದು ಖರ್ಚು ಅಂತ ಏನೂ ಮಾಡುವುದಿಲ್ಲ, ಆದರೂ 20ನೇ ತಾರೀಖಿಗೆ ಯಾರ ಹತ್ತಿರ ಕೈಗಡ ಕೇಳಲಿ ಅನ್ನುವ ಸ್ಥಿತಿ. ಗೆಳೆಯನೊಬ್ಬ ಬಜೆಟ್ ಆ್ಯಪ್ ಹಾಕಿಕೋ ಅಂದ. ಸುಮ್ನೆ ಖರ್ಚು ಬರೆದಿಟ್ಟರೆ ರೊಕ್ಕ ಉಳಿಯುತ್ತದಾ? ಬಳಸಿದವರು ದಯವಿಟ್ಟು ಹೇಳಿ.

ಬಳ್ಳಾರಿಯಿಂದ:

ತಮ್ಮಾ, ನಾನು ಖಾಸಗಿ ಶಾಲೆಯಲ್ಲಿ ಟೀಚರ್, ನಮ್ಮ ಮನೆಯವರು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದಾರೆ. ನನಗೆ ತಿಂಗಳ ಸಂಬಳ, ಅವರಿಗೆ ಪೀಸ್ ಲೆಕ್ಕದಲ್ಲಿ ವಾರದ ಪಗಾರ. ಆ್ಯಪ್ ಬಳಸಲು ಶುರು ಮಾಡಿ ಎರಡು ವರ್ಷ ಆಯಿತು. ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಬೇಡ, ಬರೀ ಬರೆದುಕೊಂಡು ಹೋಗು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವು ಮೊದಲ ದಿನವೇ ತರಕಾರಿಗೆ ಇಷ್ಟು, ಹಾಲಿಗೆ ಇಷ್ಟು ಅಂತ ಮಿತಿ ಹಾಕಿಕೊಂಡು ಎಂಟನೇ ದಿನಕ್ಕೆ ಬೇಜಾರಾಗಿ ಬಿಟ್ಟಿದ್ದೆವು. ಎರಡನೇ ಸಲ ಬರೀ ಬರೆದೆವು.

ಆಗ ಕಂಡದ್ದು ಕೇಳು. ಸಂಜೆ ಒಗ್ಗರಣೆ ಮಂಡಾಳು, ಮಿರ್ಚಿ, ಚಹಾ ಅಂತ ದಿನಕ್ಕೆ 70 ರೂಪಾಯಿ ಹೋಗುತ್ತಿತ್ತು. ತಿಂಗಳಿಗೆ 2,100. ನಮ್ಮ ಮನೆಯ ಅಕ್ಕಿ ಬೇಳೆಗೂ ಅಷ್ಟು ಆಗುತ್ತಿರಲಿಲ್ಲ. ಮಿರ್ಚಿ ಪೂರ್ತಿ ಬಿಡಲಿಲ್ಲ, ವಾರಕ್ಕೆ ಎರಡು ದಿನ ಅಂತ ಮಾಡಿಕೊಂಡೆವು. ಇನ್ನೊಂದು, ಸಿನಿಮಾ ನೋಡುವ ಆ್ಯಪ್ ಒಂದಕ್ಕೆ ತಿಂಗಳಿಗೆ 149 ತಾನಾಗಿಯೇ ಕಟ್ ಆಗುತ್ತಿತ್ತು, ಏಳು ತಿಂಗಳಿಂದ ಯಾರೂ ಅದನ್ನು ತೆರೆದೇ ಇರಲಿಲ್ಲ. ನಿನ್ನ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಜಾಗ ಇರುತ್ತದೆ, ಇವತ್ತೇ ತೆಗೆದು ನೋಡು. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಮತ್ತೆ ನಿನ್ನ ಹೆಂಡತಿಗೂ ತೋರಿಸು. ಭಾನುವಾರ ಊಟ ಆದ ಮೇಲೆ ಕಾಲು ಗಂಟೆ ನಾವಿಬ್ಬರೂ ಕೂತು ನೋಡುತ್ತೇವೆ. ಮೊದಮೊದಲು ‘ಇದಕ್ಕೆ ಯಾಕೆ ಖರ್ಚು ಮಾಡಿದೆ’ ಅಂತ ಜಗಳ ಆಗುತ್ತಿತ್ತು. ಅದಕ್ಕೆ ಇಬ್ಬರಿಗೂ ತಿಂಗಳಿಗೆ 500 ಕೈಖರ್ಚು ಅಂತ ಇಟ್ಟೆವು, ಅದರ ಲೆಕ್ಕವನ್ನು ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ. ಜಗಳ ನಿಂತಿತು.

ಸಿಂಧನೂರು ತಾಲೂಕಿನಿಂದ:

ನನ್ನದು ಬೇರೆ ಕಥೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತದ ಗದ್ದೆ. ತಿಂಗಳ ಸಂಬಳ ಅನ್ನುವುದೇ ಇಲ್ಲ, ರೊಕ್ಕ ಬಂದರೆ ರಾಶಿ ಆದ ಮೇಲೆ. ಈ ಆ್ಯಪ್‌ಗಳೆಲ್ಲ ಒಂದನೇ ತಾರೀಖಿಗೆ ಸಂಬಳ ಬರುವವರಿಗೆ ಮಾಡಿದ್ದು ಅನ್ನಿಸಿ ಮೊದಲು ಬಿಟ್ಟೇಬಿಟ್ಟಿದ್ದೆ. ಡಿಗ್ರಿ ಓದುವ ಮಗಳು ಬಿಡಲಿಲ್ಲ. ಬೀಜ, ಗೊಬ್ಬರ, ನಾಟಿ ಕೂಲಿ, ಬೆಳೆಗೆ ಹೊಡೆಯುವ ಎಣ್ಣೆ, ಹಾರ್ವೆಸ್ಟರ್ ಬಾಡಿಗೆ ಎಲ್ಲ ಅದೇ ದಿನ ಬರೆಸಿದಳು. ದಲ್ಲಾಳಿ ಅಂಗಡಿಯಲ್ಲಿ ತಂದ ಮುಂಗಡ, ಅದರ ಬಡ್ಡಿ, ಕಿರಾಣಿ ಉದ್ರಿ, ಅದಕ್ಕೂ ಒಂದೊಂದು ಖಾತೆ ಮಾಡಿದಳು.

ಒಂದು ಬೆಳೆಗೆ 1,80,000 ಬಂತು ಅಂತ ಖುಷಿಯಲ್ಲಿದ್ದೆ. ಆ್ಯಪ್ ತೆಗೆದರೆ ಅದರಲ್ಲಿ 1,12,000 ಆಗಲೇ ಬೇರೆಯವರದ್ದು. ನನ್ನದು 68,000 ಮಾತ್ರ. ಮುಂದಿನ ಬೆಳೆಗೆ ಆರು ತಿಂಗಳು ಅಂದರೆ ತಿಂಗಳಿಗೆ 11,300 ಚಿಲ್ಲರೆ. ಹಿಂದೆಲ್ಲ ರಾಶಿ ಆದ ವಾರದಲ್ಲೇ ಬಂಗಾರವೋ, ಹೊಸ ಮೊಬೈಲೋ ಅಂತ ಕೈ ಬಿಚ್ಚಿ, ನಾಲ್ಕನೇ ತಿಂಗಳಿಗೆ ಮತ್ತೆ ದಲ್ಲಾಳಿ ಮುಂದೆ ನಿಲ್ಲುತ್ತಿದ್ದೆ. ಈಗ ಉಳಿದದ್ದನ್ನು ಮೊದಲು ಆರು ಭಾಗ ಮಾಡುತ್ತೇನೆ, ಆಮೇಲೆ ಉಳಿದ ಮಾತು. 2024ರ ಆಗಸ್ಟ್ 10ರಂದು ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿ ಹೋದಾಗ ಈ ಭಾಗದ ರೈತರ ಎದೆ ಒಡೆದಂತಾಗಿತ್ತು. ನೀರು ನದಿಗೆ ಹರಿದು ಹೋಗುತ್ತಿತ್ತು, ಬೆಳೆ ಏನಾಗುತ್ತದೋ ಗೊತ್ತಿರಲಿಲ್ಲ. ಆ ರಾತ್ರಿ ನಾನು, ಮಗಳು ಕೂತು ನೋಡಿದ್ದು ಒಂದೇ, ಕೈಯಲ್ಲಿ ಇರುವುದರಲ್ಲಿ ಮನೆ ಎಷ್ಟು ತಿಂಗಳು ನಡೆಯುತ್ತದೆ ಅಂತ. ಮೂರು ತಿಂಗಳು ಅಂತ ಕಂಡಿತು. ಅಷ್ಟು ಗೊತ್ತಾದ ಮೇಲೆ ನಿದ್ದೆ ಬಂತು. ಸಂಬಳದವರಿಗಿಂತ ನಮ್ಮಂಥವರಿಗೇ ಈ ಲೆಕ್ಕ ಜಾಸ್ತಿ ಬೇಕು ಅಂತ ನನಗೆ ಅನ್ನಿಸುತ್ತದೆ.

ಸಿರುಗುಪ್ಪದಿಂದ:

ನೋಟ್‌ಬುಕ್ ಸಾಕು. ನಮ್ಮಪ್ಪ 30 ವರ್ಷ ಬರೆದರು, ನಾನೂ ಬರೆಯುತ್ತೇನೆ. ಆ್ಯಪ್ ಹಾಕಿದ್ದೆ, ಮೂರು ತಿಂಗಳಿಗೆ ತೆಗೆದೆ.

ಬಳ್ಳಾರಿಯಿಂದ:

ಬರೆಯುವ ರೂಢಿ ಇದ್ದವರಿಗೆ ನೋಟ್‌ಬುಕ್ ಖಂಡಿತ ಸಾಕು ಅಣ್ಣ. ಆದರೆ ಅಂಗಡಿ ಮುಂದೆ ನಿಂತಾಗ ಅದು ಕೈಯಲ್ಲಿ ಇರುವುದಿಲ್ಲ, ಫೋನ್ ಇರುತ್ತದೆ. ತಿಂಗಳ ಕೊನೆಗೆ ಕೂಡಿಸುವ ಕೆಲಸವೂ ಇರುವುದಿಲ್ಲ. 12ನೇ ತಾರೀಖಿಗೇ ‘ಕಿರಾಣಿಗೆ ಇಟ್ಟಿದ್ದರಲ್ಲಿ ಮುಕ್ಕಾಲು ಮುಗಿದಿದೆ’ ಅಂತ ತೋರಿಸಿದರೆ ಇನ್ನೂ ಏನಾದರೂ ಮಾಡಬಹುದು. ಕೊನೆಗೆ ಗೊತ್ತಾದರೆ ಏನು ಮಾಡುವುದು?

ರಾಯಚೂರಿನಿಂದ:

ಆ್ಯಪ್ ಹಾಕುವ ಮುಂಚೆ ಕೆಲವು ವಿಷಯ. ಎಸ್‌ಎಂಎಸ್ ಓದಿ ತಾನೇ ಖರ್ಚು ಬರೆದುಕೊಳ್ಳುವ ಆ್ಯಪ್‌ಗಳಿವೆ. ಅನುಕೂಲವೇ, ಆದರೆ ಪೂರ್ತಿ ನಂಬಬೇಡಿ. ನಗದು ಕೊಟ್ಟಿದ್ದು ಅದಕ್ಕೆ ಕಾಣುವುದಿಲ್ಲ. ಯುಪಿಐ ಲೈಟ್‌ನಿಂದ (ಮೊದಲೇ ಸ್ವಲ್ಪ ರೊಕ್ಕ ತುಂಬಿಟ್ಟು ಪಿನ್ ಇಲ್ಲದೆ ಕೊಡುವುದು) ಕೊಟ್ಟ ಚಿಲ್ಲರೆಯೂ ಅಷ್ಟೇ, ಪಾಸ್‌ಬುಕ್‌ನಲ್ಲಿ ಲೈಟ್‌ಗೆ ತುಂಬಿದ ಮೊತ್ತ ಕಾಣುತ್ತದೆ ಹೊರತು ಎಲ್ಲಿ ಚಹಾ ಕುಡಿದಿರಿ ಅಂತ ಕಾಣುವುದಿಲ್ಲ. ನಿಮ್ಮ ರೊಕ್ಕ ಸೋರುತ್ತಿರುವುದು ಬಹುಶಃ ಅಲ್ಲೇ. ನನ್ನ ಅನುಭವದಲ್ಲಿ ಕೈಯಿಂದ ಬರೆಯುವುದೇ ಒಳ್ಳೆಯದು, 40 ರೂಪಾಯಿ ಅಂತ ಒತ್ತುವಾಗ ಅದು ಮನಸ್ಸಿಗೆ ತಾಕುತ್ತದೆ.

ಬ್ಯಾಂಕ್ ಖಾತೆಯನ್ನೇ ಜೋಡಿಸುವ ಆ್ಯಪ್ ಆದರೆ ಅದು ಅಕೌಂಟ್ ಅಗ್ರಿಗೇಟರ್ ಮೂಲಕ ಒಪ್ಪಿಗೆ ಕೇಳುತ್ತದಾ ನೋಡಿ. ಇದು ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕ್ ಮಾಹಿತಿಯನ್ನು ಆ್ಯಪ್‌ಗೆ ತಲುಪಿಸುವ, ಆರ್‌ಬಿಐ ಲೈಸೆನ್ಸ್ ಕೊಟ್ಟ ಸಂಸ್ಥೆಗಳ ವ್ಯವಸ್ಥೆ, 2021ರ ಸೆಪ್ಟೆಂಬರ್‌ನಿಂದ ಬ್ಯಾಂಕ್‌ಗಳಲ್ಲಿ ನಡೆಯುತ್ತಿದೆ. ಯಾವ ಮಾಹಿತಿ, ಎಷ್ಟು ದಿನಕ್ಕೆ ಅಂತ ನೀವು ಒಪ್ಪಿಗೆ ಕೊಡುತ್ತೀರಿ, ಬೇಡವಾದರೆ ವಾಪಸ್ ತೆಗೆದುಕೊಳ್ಳಬಹುದು. ಅದು ಬಿಟ್ಟು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳಿದರೆ ಆ ಆ್ಯಪ್ ಬೇಡವೇ ಬೇಡ. ಖರ್ಚು ಬರೆಯುವ ಆ್ಯಪ್‌ಗೆ ನಿಮ್ಮ ಫೋನ್‌ನ ಕಾಂಟ್ಯಾಕ್ಟ್ಸ್, ಫೋಟೋ ಯಾಕೆ ಬೇಕು? ಹಾಗೆ ಕೇಳಿ, ಎರಡು ನಿಮಿಷದಲ್ಲಿ ಸಾಲ ಕೊಡುತ್ತೇವೆ ಅನ್ನುವುದು ಬಜೆಟ್ ಆ್ಯಪ್ ಅಲ್ಲ, ಸಾಲದ ಬಲೆ. ಅಕಸ್ಮಾತ್ ಮೋಸದಿಂದ ರೊಕ್ಕ ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು, ತಿಂಗಳಿಗೊಮ್ಮೆ ಲೆಕ್ಕವನ್ನು ಫೈಲ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಅನ್ನುವ ಬಜೆಟ್ ಆ್ಯಪ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅಷ್ಟು ದೊಡ್ಡದೇ ಮುಚ್ಚಬಹುದಾದರೆ ನಮ್ಮ ಫೋನ್‌ನಲ್ಲಿ ಇರುವುದೂ ಮುಚ್ಚಬಹುದು ಅಲ್ವಾ.

ಕೊಪ್ಪಳದಿಂದ, ಕೇಳಿದವರು, ಐದು ವಾರದ ನಂತರ:

ಎಲ್ಲರಿಗೂ ಧನ್ಯವಾದ. ಅಕ್ಕ ಹೇಳಿದ ಹಾಗೆ ಒಂದು ತಿಂಗಳು ಬರೀ ಬರೆದೆ, ಕೈಯಿಂದಲೇ. ನನ್ನ ಹೆಂಡತಿ ನನಗಿಂತ ಚೆನ್ನಾಗಿ ಬರೆದಳು, ನಾನು ಮರೆತ ದಿನ ಅವಳೇ ಕೇಳಿ ಬರೆದುಕೊಂಡಳು.

ಬೈಕ್ ಕಂತಿನಲ್ಲೇ ಒಂದು ತೂತು ಇತ್ತು. ಸಂಬಳ ಬರುವುದು 7ಕ್ಕೆ, ಕಂತು ಕಟ್ ಆಗುವುದು 5ಕ್ಕೆ. ಖಾತೆಯಲ್ಲಿ ರೊಕ್ಕ ಇಲ್ಲದೆ ಬೌನ್ಸ್ ಆಗಿ ಬ್ಯಾಂಕ್‌ನವರು 500, ಅದರ ಮೇಲೆ ಜಿಎಸ್‌ಟಿ ಸೇರಿ 590 ಹಿಡಿಯುತ್ತಿದ್ದರು. ಸಾಲ ಕೊಟ್ಟವರ ದಂಡ ಬೇರೆ. ಹಳೇ ಪಾಸ್‌ಬುಕ್ ತೆಗೆದು ನೋಡಿದರೆ ಒಂದು ವರ್ಷದಲ್ಲಿ ನಾಲ್ಕು ಸಲ ಹೀಗೆ ಆಗಿದೆ. ಬ್ರಾಂಚ್‌ಗೆ ಹೋಗಿ ತಾರೀಖು 10ಕ್ಕೆ ಬದಲಾಯಿಸಿ ಅಂತ ಅರ್ಜಿ ಕೊಟ್ಟೆ, ಒಪ್ಪಿದರು.

ಎರಡನೆಯದು ಕಿರಾಣಿ ಉದ್ರಿ. ಪುಸ್ತಕದಲ್ಲಿ ಬರೆಸಿ ತಂದಾಗ ಬೆಲೆ ಕೇಳುವುದೇ ಇಲ್ಲ ನಾವು. ಈಗ ಸಂಬಳ ಬಂದ ದಿನವೇ ತಿಂಗಳ ಸಾಮಾನು ಒಟ್ಟಿಗೆ ತಂದು ರೊಕ್ಕ ಕೊಡುತ್ತಿದ್ದೇವೆ. ಸಿಂಧನೂರಿನ ಅಣ್ಣ ಹೇಳಿದ ಆರು ಭಾಗದ ಮಾತು ಹಬ್ಬಗಳಿಗೂ ಹೊಂದುತ್ತದೆ ಅನ್ನಿಸಿತು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರಿನಿಂದ ಎಲ್ಲರೂ ಬರುತ್ತಾರೆ, ಪ್ರತಿ ವರ್ಷ ಸಾಲ ಮಾಡಿಯೇ ಮಾಡುವುದು. ಈಗ ‘ಜಾತ್ರೆ’ ಅಂತ ಒಂದು ಖಾತೆ ತೆರೆದು ತಿಂಗಳಿಗೆ 500 ಹಾಕುತ್ತಿದ್ದೇವೆ.

ಈ ತಿಂಗಳೂ ಕೈಗಡ ತಪ್ಪಲಿಲ್ಲ. ಆದರೆ 20ಕ್ಕೆ ಅಲ್ಲ, 27ಕ್ಕೆ, ಅದೂ 1,000 ಮಾತ್ರ. ಅದನ್ನೂ ಆ್ಯಪ್‌ನಲ್ಲಿ ಬರೆದಿದ್ದೇನೆ. ಒಂದು ಕೇಳುವುದಿದೆ ಅಕ್ಕ, ಅವ್ವನಿಗೆ ಕಳಿಸುವ ರೊಕ್ಕದಲ್ಲಿ ಅವರ ಔಷಧಿ ಖರ್ಚೂ ಸೇರಿದೆ, ಅದನ್ನು ಬೇರೆ ಖಾತೆ ಮಾಡಿ ಬರೆಯುವುದು ಒಳ್ಳೆಯದಾ, ಒಟ್ಟಿಗೇ ಇರಲಾ?

ಬಳ್ಳಾರಿಯಿಂದ:

ಬೇರೆ ಬರಿ ತಮ್ಮಾ. ಔಷಧಿ ರೇಟು ಏರಿದಾಗ ಅವ್ವ ಬಾಯಿ ಬಿಟ್ಟು ಹೇಳುವುದಿಲ್ಲ, ತಿಂಗಳಿಗೊಮ್ಮೆ ನೀನೇ ಫೋನ್ ಮಾಡಿ ಬಿಲ್ ಕೇಳು.