ಚಂದ್ರವಳ್ಳಿಯ ತರಗೆಲೆಗಳಲ್ಲಿ ಕಂಡದ್ದು ಚಿಟ್ಟೆಯೋ, ಪತಂಗವೋ?

ಕೋಟೆಯೂರಿನವ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ಚಿಟ್ಟೆಗಳ ಛಾಯಾಗ್ರಹಣಕ್ಕೆ ಕೈಹಾಕಿ ಇನ್ನೂ ವರ್ಷ ತುಂಬಿಲ್ಲ. ಕಳೆದ ದಸರಾ ರಜೆಯಲ್ಲಿ ಚಂದ್ರವಳ್ಳಿ ಕೆರೆಯ ಸಮೀಪದ ಪೊದೆಗಳ ಬಳಿ, ಹೊತ್ತು ಮುಳುಗುವ ವೇಳೆಗೆ, ಕಂದು ಬಣ್ಣದ ಒಂದು ಚಿಟ್ಟೆಯ ಚಿತ್ರ ಸಿಕ್ಕಿತ್ತು. ಮಡಿಚಿದ ರೆಕ್ಕೆಯ ಹೊರಮೈಯಲ್ಲಿ ಹಳದಿ ಉಂಗುರ ಸುತ್ತಿದ ಕಣ್ಣುಚುಕ್ಕೆಗಳು ಸಾಲಾಗಿದ್ದುದರಿಂದ ಅದನ್ನು ಕಾಮನ್ ಈವ್ನಿಂಗ್ ಬ್ರೌನ್ ಎಂದು ಗುರುತಿಸಿಕೊಂಡೆ.

ಯುಗಾದಿಯ ಹಿಂದಿನ ವಾರ ಅದೇ ಜಾಗಕ್ಕೆ ಹೋದಾಗ ಅಷ್ಟೇ ಗಾತ್ರದ ಇನ್ನೊಂದು ಜೀವಿ ಕಾಲಡಿಯ ತರಗೆಲೆಗಳಿಂದ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಎಲೆಗಳ ನಡುವೆಯೇ ಇಳಿಯಿತು. ಇದಕ್ಕೆ ಒಂದು ಕಣ್ಣುಚುಕ್ಕೆಯೂ ಇಲ್ಲ. ರೆಕ್ಕೆಯ ತುದಿ ಕೊಕ್ಕೆಯಂತೆ ಬಾಗಿದೆ. ಮೈಯೆಲ್ಲ ಒಣಗಿದ ಎಲೆಯ ಬಣ್ಣ. ಜೊತೆಗಿದ್ದ ಸ್ನೇಹಿತರು ಇದು ಪತಂಗವೇ ಎಂದು ವಾದಿಸಿದರು. ಇದು ಬೇರೆ ಜಾತಿಯೇ, ಅಥವಾ ನಿಜವಾಗಿಯೂ ಪತಂಗವೇ? ಇನ್ನೊಂದು ಸಂಗತಿಯೆಂದರೆ, ವಸಂತವೆಂದರೆ ಚಿಟ್ಟೆಗಳ ಕಾಲವೆಂದು ನಂಬಿ ಮೂರು ಭಾನುವಾರ ಅಲೆದರೂ ಹತ್ತು ಬಗೆಯೂ ಕಾಣಿಸಲಿಲ್ಲ, ಸಿಕ್ಕ ಚಿತ್ರಗಳಲ್ಲಿ ಹೆಚ್ಚಿನವು ಮಸುಕಾಗಿವೆ. ನಾನು ತಪ್ಪಿದ್ದು ಎಲ್ಲಿ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಹೊಂಗೆನೆರಳು

ನಿಮ್ಮ ಎರಡು ಚಿತ್ರಗಳಲ್ಲಿರುವುದು ಒಂದೇ ಜಾತಿ. ಕಾಮನ್ ಈವ್ನಿಂಗ್ ಬ್ರೌನ್‌ಗೆ ಮಳೆಗಾಲದ ರೂಪ ಮತ್ತು ಒಣಗಾಲದ ರೂಪ ಎಂದು ಎರಡು ವೇಷಗಳಿವೆ. ಹಸಿರು ತುಂಬಿದ ಕಾಲದಲ್ಲಿ ಹುಟ್ಟಿದ ಚಿಟ್ಟೆಗೆ ರೆಕ್ಕೆಯಂಚಿನ ಕಣ್ಣುಚುಕ್ಕೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹಕ್ಕಿ ಅದನ್ನೇ ತಲೆಯೆಂದು ಭಾವಿಸಿ ಕುಕ್ಕಿದರೆ ರೆಕ್ಕೆಯ ಚೂರು ಹೋದರೂ ಜೀವ ಉಳಿಯುತ್ತದೆ. ಹುಲ್ಲೆಲ್ಲ ಒಣಗಿ ನೆಲದ ತುಂಬ ತರಗೆಲೆ ಹಾಸಿದಾಗ ಅಂಥ ಚುಕ್ಕೆ ಇರುವುದೇ ಅಪಾಯ, ಆಗ ಎಲೆಯಂತೆ ಕಂಡು ಸುಮ್ಮನೆ ಕೂರುವುದೇ ಲೇಸು. ಕಂಬಳಿಹುಳುವಾಗಿ ಬೆಳೆಯುವಾಗಿನ ತಾಪಮಾನ ಮುಂತಾದ ಸೂಚನೆಗಳು ಯಾವ ವೇಷ ಬರಬೇಕೆಂಬುದನ್ನು ನಿರ್ಧರಿಸುತ್ತವೆ. ರೆಕ್ಕೆ ಬಂದ ಮೇಲೆ ವೇಷ ಬದಲಾಗುವುದಿಲ್ಲ.

ಕೆರೆಯಂಚುಗಳಲ್ಲಿ ಕಾಣುವ ಪೀಕಾಕ್ ಪ್ಯಾನ್ಸಿಯೂ ಹೀಗೆಯೇ. ರೆಕ್ಕೆ ಬಿಚ್ಚಿದಾಗ ಕಾಣುವ ನವಿಲುಗಣ್ಣು ಎರಡೂ ಕಾಲದಲ್ಲಿ ಇರುತ್ತದೆ, ಆದರೆ ಬೇಸಿಗೆಯಲ್ಲಿ ಅದು ರೆಕ್ಕೆ ಮಡಿಚಿತೆಂದರೆ ನಡುವೆ ಗೆರೆಯಿರುವ ಒಣ ಎಲೆಯಾಗಿಬಿಡುತ್ತದೆ. ಮೊದಲ ಸಲ ಕಂಡಾಗ ನಾನೂ ಅದನ್ನು ಹೊಸ ಜಾತಿಯೆಂದೇ ಬರೆದುಕೊಂಡಿದ್ದೆ.

ನಿಮ್ಮ ಸ್ನೇಹಿತರ ತಪ್ಪೇನಿಲ್ಲ. ಈವ್ನಿಂಗ್ ಬ್ರೌನ್ ಮುಸ್ಸಂಜೆಯಲ್ಲಿ ಹಾರುವುದರಿಂದಲೂ, ದೀಪಕ್ಕೆ ಬರುವುದರಿಂದಲೂ ಪತಂಗವೆಂದು ಅನೇಕರು ತಿಳಿಯುತ್ತಾರೆ. ಕುಡಿಮೀಸೆಯನ್ನು ಹಿಗ್ಗಿಸಿ ನೋಡಿ: ಚಿಟ್ಟೆಗಳಲ್ಲಿ ಅದರ ತುದಿ ದಪ್ಪಗಿರುತ್ತದೆ, ಪತಂಗಗಳಲ್ಲಿ ಬಹುಮಟ್ಟಿಗೆ ಎಳೆಯಂತೆಯೋ ಗರಿಯಂತೆಯೋ ಇರುತ್ತದೆ. ಈ ಚಿಟ್ಟೆಯಲ್ಲಿ ತುದಿಯ ಉಬ್ಬು ತೀರ ಸಣ್ಣದು, ಆದ್ದರಿಂದ ಚಿತ್ರ ಮಸುಕಾಗಿದ್ದರೆ ಕಾಣಿಸದು. ಹಗಲು ಹಾರುತ್ತದೆ ಎಂಬ ಒಂದೇ ಕಾರಣಕ್ಕೆ ಚಿಟ್ಟೆಯೆಂದು ತೀರ್ಮಾನಿಸುವುದೂ ಸರಿಯಲ್ಲ, ಗಿಲಿಗಿಚ್ಚಿ ಗಿಡದ ಸುತ್ತ ಹಗಲಲ್ಲೇ ಹಾರಾಡುವ, ಬಿಳಿಯ ಮೇಲೆ ಕೆಂಪು ಕಪ್ಪು ಚುಕ್ಕೆಯ ಪುಟ್ಟ ಜೀವಿ ಪತಂಗವೇ.

ಇನ್ನು ವಸಂತದ ಮಾತು. ಹೂವಿದ್ದರೆ ಚಿಟ್ಟೆ ಇರುತ್ತದೆಂದು ನಾವು ಎಣಿಸುತ್ತೇವೆ, ಆದರೆ ಕಂಬಳಿಹುಳುವಿಗೆ ಬೇಕಾದದ್ದು ಹೂವಲ್ಲ, ಎಳೆಯ ಎಲೆ. ನಮ್ಮ ಬಯಲುಸೀಮೆಯಲ್ಲಿ ಅದು ಮಳೆಯ ಹಿಂದೆ ಬರುವುದರಿಂದ ಇಲ್ಲಿ ಚಿಟ್ಟೆಗಳ ನಿಜವಾದ ಸುಗ್ಗಿ ಭಾದ್ರಪದದಿಂದ ಕಾರ್ತಿಕದವರೆಗೆ. ಚೈತ್ರದಲ್ಲಿ ಸಂಖ್ಯೆ ಕಡಿಮೆಯೇ. ಅಶ್ವಿನಿ, ಭರಣಿ ಮಳೆಗಳು ಬಿದ್ದರೆ ಚಿತ್ರ ಬದಲಾಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವ ಮಾತಿನಲ್ಲಿ ಕಂಬಳಿಹುಳುಗಳ ಪಾಲೂ ಸೇರಿದೆ ಎನ್ನಬಹುದು.

ನಾಲೆಬದಿ, ದಾವಣಗೆರೆ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಚೈತ್ರದಲ್ಲಿ ಏನೂ ಸಿಗದೆಂದು ಕ್ಯಾಮೆರಾ ಒಳಗಿಡುವಂತಿಲ್ಲ. ಎಲ್ಲೆಡೆ ಒಣಗಿದಾಗ ಇರುವಷ್ಟು ಚಿಟ್ಟೆಗಳು ತೇವವಿರುವ ಕಡೆ ಒಟ್ಟಾಗುವುದರಿಂದ ಹುಡುಕುವ ಕೆಲಸ ಹಗುರವಾಗುತ್ತದೆ. ಭದ್ರಾ ನಾಲೆಯಲ್ಲಿ ಬೇಸಿಗೆ ಭತ್ತಕ್ಕೆ ನೀರು ಹರಿಯುವ ದಿನಗಳಲ್ಲಿ, ತೂಬಿನ ಬಳಿ ನೀರು ಜಿನುಗಿ ಮಣ್ಣು ಹಸಿಯಾದಲ್ಲಿ, ಬೆಳಗಿನ ಹತ್ತರ ಅನಂತರ ಹಳದಿ ಮತ್ತು ಬಿಳಿ ಚಿಟ್ಟೆಗಳು ಸಾಲುಗಟ್ಟಿ ಕೂರುತ್ತವೆ. ಅವುಗಳಲ್ಲಿ ಹೆಚ್ಚಿನವು ಗಂಡು. ಮಣ್ಣಿನಿಂದ ಹೀರಿದ ಲವಣಗಳನ್ನು ಅವು ಮಿಲನದ ವೇಳೆ ಹೆಣ್ಣಿಗೆ ದಾಟಿಸುತ್ತವೆ. ಹೀರುವುದರಲ್ಲಿ ಮೈಮರೆತಿರುವುದರಿಂದ ಹೊಸಬರಿಗೆ ಇದಕ್ಕಿಂತ ಸುಲಭದ ಅವಕಾಶವಿಲ್ಲ. ಹೂಬಿಟ್ಟ ಹೊಂಗೆ, ಎಕ್ಕೆಯ ಸುತ್ತ ಮೊಟ್ಟೆಯಿಡಲು ಸುಳಿಯುವ ಪ್ಲೇನ್ ಟೈಗರ್, ಹಿತ್ತಲಿನ ನಿಂಬೆ ಮತ್ತು ಕರಿಬೇವು, ಇಷ್ಟು ನೋಡಿದರೂ ಒಂದು ಬೆಳಗು ಸಾಲದು.

ಚಿತ್ರ ಮಸುಕಾಗುವುದಕ್ಕೆ ಬಹುತೇಕ ಕಾರಣ ಲೆನ್ಸ್ ಅಲ್ಲ, ಅವಸರ. ಬಿಸಿಲೇರುವ ಮೊದಲು ಚಿಟ್ಟೆಯ ಮೈ ಹಾರಾಟಕ್ಕೆ ಬೇಕಾದಷ್ಟು ಕಾದಿರುವುದಿಲ್ಲ, ಆಗ ಅದು ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತದೆ. ಆ ಸಮಯದಲ್ಲಿ ನಿಮ್ಮ ನೆರಳು ಅದರ ಮೇಲೆ ಬೀಳದಂತೆ, ನಿಂತ ನಿಲುವಿನಲ್ಲಲ್ಲದೆ ಕುಳಿತು ಸರಿಯುತ್ತ ಹೋಗಬೇಕು. ಸಮೀಪದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್ ಇರುವುದರಿಂದ ರೆಕ್ಕೆಯ ಮೈ ಮತ್ತು ಕ್ಯಾಮೆರಾದ ಮುಖ ಒಂದಕ್ಕೊಂದು ಸಮಾನಾಂತರವಾಗಿರಲಿ. ಲೆನ್ಸ್‌ನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಎಫ್ 8ರಿಂದ 11ಕ್ಕೆ, ಶಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ಕಡಿಮೆಯಾಗದಂತೆ ಇಟ್ಟು, ಫೋಕಸ್ಸನ್ನು ಚಿಟ್ಟೆಯ ಕಣ್ಣಿನ ಮೇಲೆ ನಿಲ್ಲಿಸಿ. ಮೊಬೈಲ್‌ನಲ್ಲಾದರೆ ತೀರ ಹತ್ತಿರ ಹೋಗುವುದಕ್ಕಿಂತ ಒಂದು ಗೇಣು ದೂರದಿಂದ ತೆಗೆದು ಅನಂತರ ಕತ್ತರಿಸಿಕೊಳ್ಳುವುದು ಒಳ್ಳೆಯದು. ಗುರುತಿಸಲು ರೆಕ್ಕೆಯ ಒಳಮೈ, ಹೊರಮೈ ಎರಡೂ ಬೇಕು. ಒಂದೇ ಸಿಗುವುದಾದರೆ ಹೊರಮೈಯೇ ಇರಲಿ.

ಚಿಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ ಹೂವಿನ ಮೇಲೆ ಕೂರಿಸಿ ತೆಗೆದ ಚಿತ್ರಗಳನ್ನೂ ನೋಡಿದ್ದೇನೆ. ನನ್ನ ಮಟ್ಟಿಗೆ ಅವು ಚಿಟ್ಟೆಯ ಚಿತ್ರಗಳಲ್ಲ.

ದಾಳಿಂಬೆ ತೋಟ, ಹೊಸದುರ್ಗ

ನಾನು ಛಾಯಾಗ್ರಾಹಕನಲ್ಲ, ಬೆಳೆಗಾರ. ಪತಂಗವೆಂದರೆ ಕೀಟ, ಚಿಟ್ಟೆಯೆಂದರೆ ಚೆಲುವು ಎಂಬ ಎಣಿಕೆ ನಮ್ಮಲ್ಲಿ ಬಲವಾಗಿರುವುದರಿಂದ ಇಷ್ಟು ಹೇಳುತ್ತೇನೆ: ದಾಳಿಂಬೆ ಕಾಯಿಯನ್ನು ಕೊರೆದು ಒಳಗೆ ಕುಳಿತು ಬೀಜ ತಿನ್ನುವ ಹುಳು ಬೆಳೆದು ಆಗುವುದು ಕಾಮನ್ ಗುವಾ ಬ್ಲೂ ಎಂಬ ಚಿಟ್ಟೆ. ಗಂಡಿನ ರೆಕ್ಕೆ ನೀಲಿ ನೇರಳೆಯಾಗಿ ಹೊಳೆಯುತ್ತದೆ. ಚಿತ್ರ ಬೇಕಾದವರು ದಾಳಿಂಬೆ ತೋಟಕ್ಕೆ ಬರಬಹುದು, ಬಂದವರು ಅದನ್ನು ಹೊಗಳದಿದ್ದರೆ ಸಾಕು.

ಹೊಂಗೆನೆರಳು

ಪತಂಗಗಳ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ಜೋಗಿಮಟ್ಟಿಯ ಕಾಡಿನಲ್ಲಿ ರಾತ್ರಿ ದೀಪ ಹಚ್ಚುವ ಯೋಚನೆ ಬೇಡ. ಅಲ್ಲಿ ಕರಡಿ, ಚಿರತೆಗಳಿವೆ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಮನೆಯ ಮಾಳಿಗೆಯ ಮೇಲೆ ಬಿಳಿಯ ಪಂಚೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟು ಮುಂದೆ ದೀಪವಿಟ್ಟರೆ ಸಾಕು. ಬೆಳದಿಂಗಳಿನಲ್ಲಿ ದೀಪದ ಸೆಳೆತ ಕುಗ್ಗುವುದರಿಂದ ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ, ಮಳೆ ಬಿದ್ದು ಸೆಕೆ ಕವಿದ ರಾತ್ರಿಯನ್ನು ಆರಿಸಿಕೊಳ್ಳಿ. ನಸುಕಿಗೆ ಮೊದಲೇ ದೀಪ ಆರಿಸಿ ಪಂಚೆಯನ್ನು ಮೆಲ್ಲಗೆ ಕೊಡವಿ, ಇಲ್ಲವಾದರೆ ಕಾಜಾಣ, ಪಿಕಳಾರಗಳಿಗೆ ನೀವೇ ಎಡೆಯಿಟ್ಟಂತಾಗುತ್ತದೆ. ಗುರುತಿಸಲು ಬಟರ್‌ಫ್ಲೈಸ್ ಆಫ್ ಇಂಡಿಯಾ, ಮಾತ್ಸ್ ಆಫ್ ಇಂಡಿಯಾ ಜಾಲತಾಣಗಳಿವೆ. ಮೊದಲನೆಯದರಲ್ಲಿ ಋತುರೂಪಗಳ ಚಿತ್ರಗಳೂ ಸಿಗುತ್ತವೆ.

ಕೋಟೆಯೂರಿನವ

ಎಲ್ಲರಿಗೂ ಕೃತಜ್ಞತೆಗಳು. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಒಂದು ಕುಡಿಮೀಸೆ ಎಲೆಯ ಮರೆಯಲ್ಲಿದೆ, ಇನ್ನೊಂದರ ತುದಿಯಲ್ಲಿ ಸಣ್ಣ ಉಬ್ಬು ಇದ್ದಂತಿದೆ. ಸ್ನೇಹಿತರು ಇದನ್ನು ಒಪ್ಪುತ್ತಿಲ್ಲ, ಆದ್ದರಿಂದ ಮುಂದಿನ ಭಾನುವಾರ ಸಂಜೆ ಅವರನ್ನೂ ಕರೆದುಕೊಂಡು ಅದೇ ಜಾಗಕ್ಕೆ ಹೋಗುತ್ತಿದ್ದೇನೆ.