ನದಿ ರೀವದ ಮರಿಗಳು: ‘ಉಣಿಸುವುದು’ ಕಾಲಂ ಖಾಲಿ ಬರಾಕತ್ತೈತಿ

ಹಾವೇರಿಯಿಂದ ಪ್ರಶ್ನೆ:
ತುಂಗಭದ್ರಾ ಹೊಳಿ ನಡುವಿನ ಉಸುಕಿನ ದಿಬ್ಬದ ಮ್ಯಾಲೆ ನದಿ ರೀವ (ರಿವರ್ ಟರ್ನ್ ಅನ್ನೋ ಮೀನು ಹಿಡಿಯೋ ಹಕ್ಕಿ) ಮರಿ ಮಾಡ್ಯಾವ. ದಂಡಿಯಿಂದ ಸುಮಾರು 120 ಮೀಟರ್. ಸ್ಕೋಪ್ (ಟ್ರೈಪಾಡ್ ಮ್ಯಾಲಿನ ದುರ್ಬೀನು) 20–60 ಪಟ್ಟು ದೊಡ್ಡದಾಗಿ ತೋರಸೂದು. ಕಡಲಕ್ಕಿ (ಗಲ್) ಮರಿಗಳಿಗಂತ ಮಾಡಿದ ಹಾಳಿ ಇಟ್ಕೊಂಡು 5 ನಿಮಿಷಕ್ಕೊಮ್ಮೆ ಎಲ್ಲಾ ಮರಿ ನೋಡಿ ಬರಿಯೂದು. ಉಣಿಸೂದು ಒಂದೂ ದಾಖಲಾಗಿಲ್ಲ. 10 ಗಂಟೆ ಆದಮ್ಯಾಲೆ ಚಿತ್ರ ಕುದಿಯೋ ನೀರಿನಂಗ ಅಲುಗಾಡತೈತಿ. ಮರಿ ಎಣಿಕೆನೂ ದಿನಕ್ಕೊಂದು. ಕಾಣದ್ದನ್ನ ಸತ್ತಾವಂತ ಬರಿಯೂದೇನ್ರಿ?

ಧಾರವಾಡದಿಂದ ಉತ್ತರ:
ತಪ್ಪು ಹಾಳಿದ್ದೈತ್ರಿ. ಕಡಲಕ್ಕಿ ನುಂಗಿದ್ದನ್ನ ಕಕ್ಕಿ ಉಣಿಸತೈತಿ. ಮರಿ ಅದರ ಕೊಕ್ಕು ಕುಟ್ಟಿ ಕುಟ್ಟಿ ಬೇಡತೈತಿ. ಪ್ರಾಣಿ ನಡವಳಿಕಿ ವಿಜ್ಞಾನಿ ಟಿನ್‌ಬರ್ಗನ್ ಹೆರಿಂಗ್ ಕಡಲಕ್ಕಿಯ ಕೊಕ್ಕಿನ ಕೆಂಪು ಚುಕ್ಕಿ ಮ್ಯಾಲೆ ಪ್ರಯೋಗ ಮಾಡಿದ್ದು ಇದನ್ನೇ ನೋಡಾಕ. ರೀವ ಹಂಗಲ್ಲ. ಇಡೀ ಮೀನು ಕೊಕ್ಕಿನಾಗ ಅಡ್ಡ ಹಿಡಕೊಂಡು ಇಳೀತೈತಿ, ಮರಿ ಕಸಕೊಂಡು ನುಂಗತೈತಿ. ಮೀನು ಸಣ್ಣದಿದ್ರ ಕೆಲವೇ ಸೆಕೆಂಡು. 5 ನಿಮಿಷಕ್ಕೊಮ್ಮೆ ಹಾಯಿಸೋ ಕಣ್ಣಿಗೆ ಅದೆಲ್ಲಿ ಸಿಗಬೇಕು?

ಕೆಲಸ ಎರಡು ಭಾಗ ಮಾಡ್ರಿ. ಮಲಗಿದ್ದು, ನಡದಾಡಿದ್ದು, ರೆಕ್ಕಿ ಕೆಳಗ ಕೂತಿದ್ದು ಇವಕ್ಕ 5 ನಿಮಿಷದ ಪದ್ಧತಿನೇ ಇರಲಿ. ಉಣಿಸೂದಕ್ಕ ಬ್ಯಾರೆ ಒಬ್ಬರು 8×42 ಬೈನಾಕ್ಯುಲರ್ ಹಿಡದು, ಮೀನು ತರೋ ಹಕ್ಕಿ ಬಂದಾಗೆಲ್ಲಾ ಬರೀಬೇಕು: ಹೊತ್ತು, ಗೂಡಿನ ನಂಬರ್, ಮೀನಿನ ಉದ್ದ (ಕೊಕ್ಕಿನ ಅರ್ಧ, ಸಮ, ಒಂದೂವರೆ), ಕಡೀಕ ನುಂಗ್ತೋ, ಬೀಳಿಸ್ತೋ, ಬ್ಯಾರೆ ಹಕ್ಕಿ ಕಸಕೊಂತೋ. ಕಸಕೊಂಡಿದ್ದನ್ನ ಬಿಡಬ್ಯಾಡ್ರಿ, ಇಲ್ಲಾಂದ್ರ ಮರಿಗೆ ಸಿಕ್ಕ ಮೀನಿನ ಲೆಕ್ಕ ಸುಳ್ಳಾಗತೈತಿ.

ಅಲುಗಾಡೂದು ಬಿಸಿ ಉಸುಕಿನ ಝಳ. ಪಟ್ಟು ಏರಿಸಿದ್ರ ಝಳಾನೂ ದೊಡ್ಡದಾಗಿ ಕಾಣತೈತಿ, ಅಷ್ಟ. 20–25ಕ್ಕ ಇಳಸ್ರಿ, ಟ್ರೈಪಾಡ್ ಎತ್ತರದ ದಂಡಿಗೆ ಒಯ್ರಿ, 6.30ರಿಂದ 9ರೊಳಗ ಮುಗಸ್ರಿ.

ಸತ್ತಾವಂತ ಬರಿಯೂದು ಬ್ಯಾಡೇ ಬ್ಯಾಡ. ಹುಟ್ಟಿದ ಕೆಲವೇ ದಿನಕ್ಕ ಮರಿ ಗೂಡಿನ ಗುಣಿ ಬಿಟ್ಟು ಕಲ್ಲು, ಕಸದ ಮರೆಗೆ ಸೇರತಾವ. ‘ಕಾಣಲಿಲ್ಲ’ ಅಂತ ಒಂದು ಕಾಲಂ ಹಾಕ್ರಿ. 2 ತಾಸಿಗೆ 24 ನೋಟ. ಒಂದು ಮರಿ 15 ಸಲ ಕಂಡು, 6 ಸಲ ರೆಕ್ಕಿ ಕೆಳಗಿದ್ರ ಅದು 40 ಪ್ರತಿಶತ, 25 ಅಲ್ಲ. ಆದ್ರ ಅಡಗಿದ ಮರಿ ಹೆಚ್ಚಾಗಿ ನೆರಳಿನಾಗ ಇರೂದರಿಂದ ನೆರಳಿನ ಅಂಕಿ ಕಡಿಮಿನೇ ಬರತೈತಿ, ಟಿಪ್ಪಣಿಯೊಳಗ ಹೇಳ್ರಿ.

ಹಾವೇರಿ:
ಮಲಗಿದ್ದಕ್ಕೂ ಅಡಗಿದ್ದಕ್ಕೂ ಗುರುತು ಹ್ಯಾಂಗ?

ಧಾರವಾಡ:
ಅಡಗಿದ ಮರಿ ಗದ್ದ ಉಸುಕಿಗೆ ಹಚ್ಚಿ ಚಪ್ಪಟಿ ಆಗಿರತೈತಿ, ಅದಕ್ಕೂ ಮೊದಲು ದೊಡ್ಡ ಹಕ್ಕಿ ಕಿರಚಿರತಾವ. ಮಲಗಿದ್ದು ಆಗಾಗ ತಲಿ ಎತ್ತಿ ಗರಿ ತೀಡತೈತಿ.

ಗದಗದಿಂದ:
ಒಂದ ಮಾತ್ರಿ. ಎಣಿಸಾಕಂತ ದಿಬ್ಬಕ್ಕ ತೆಪ್ಪ ಒಯ್ಯಬ್ಯಾಡ್ರಿ. ತಾಯಿ-ತಂದಿ ಎದ್ದು ಹಾರಿದ್ರ ಮೊಟ್ಟಿ, ಎಳೆ ಮರಿ ಬಿಸಲಿಗೆ ಬೇಯತಾವ, ಕಾಗಿ-ಹದ್ದಿಗೂ ದಾರಿ ಆಗತೈತಿ. ಮ್ಯಾಲಿನ ಬ್ಯಾರೇಜಿನಿಂದ ನೀರು ಬಿಟ್ಟ ದಿನಾನೂ ಹಾಳ್ಯಾಗ ಬರೀರಿ.