ವೈನಿ, ಪುಟ್ಟಿ ಆ ಪುಸ್ತಕ ಓದಲಿ ಬಿಡಿ

ವೈನಿ, ನಿಮ್ಮ ಮೆಸೇಜು ಈಗ ನೋಡಿದೆ. ಪುಟ್ಟಿ ಪಿಯುಸಿ ಪುಸ್ತಕದ ಕೆಳಗೆ ರಾಜಕುಮಾರನ ಲವ್ ಸ್ಟೋರಿ ಇಟ್ಟುಕೊಂಡು ಓದುತ್ತಾಳೆ, ಇದರಿಂದ ಏನು ಬರುತ್ತದೆ ಅಂತ ಕೇಳಿದ್ದೀರಿ. ಅದನ್ನು ಅವಳಿಗೆ ಕೊಟ್ಟಿದ್ದು ನಾನೇ. ಕೊಡೋ ಮುಂಚೆ ಮತ್ತೊಮ್ಮೆ ಪೂರ್ತಿ ಓದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮುಗಿಸಿ ಆರಾಮಾಗಿ ನೋಡಿ.

ಪುಸ್ತಕದ ಹೆಸರು 'ದಿ ಸೆಲೆಕ್ಷನ್'. ಬರೆದವಳು ಕಿಯೆರಾ ಕ್ಯಾಸ್, 2012ರಲ್ಲಿ ಬಂದಿದ್ದು. ಮುಂದೆ ಯಾವುದೋ ಕಾಲದಲ್ಲಿ ಈಗಿನ ಅಮೆರಿಕ ದೇಶ ಹೋಗಿ, ಅಲ್ಲೊಂದು ರಾಜರ ಆಳ್ವಿಕೆ ಬಂದಿರುತ್ತದೆ. ರಾಜಕುಮಾರ ಮ್ಯಾಕ್ಸನ್‌ಗೆ ಹೆಂಡತಿ ಆರಿಸಲಿಕ್ಕೆ 35 ಹುಡುಗಿಯರನ್ನು ಅರಮನೆಗೆ ಕರೆಸುತ್ತಾರೆ. ಎಲ್ಲಾ ಟಿವಿಯಲ್ಲಿ. ಅವರಲ್ಲಿ ಒಬ್ಬಳು ಅಮೆರಿಕಾ ಸಿಂಗರ್ ಅಂತ, ಹುಡುಗಿಯ ಹೆಸರೇ ಅದು. ಹಾಡಿ ವಾದ್ಯ ನುಡಿಸಿ ಹೊಟ್ಟೆ ಹೊರೆಯೋ ಮನೆಯ ಹುಡುಗಿ.

ಕಾಲೇಜಿನಲ್ಲಿದ್ದಾಗ ಓದಿದಾಗ ನನ್ನ ಕಣ್ಣು ಪೂರ್ತಿ ಗೌನುಗಳ ಮೇಲೆ, ಆ ತೋಟದ ಮೇಲೆ, ಮ್ಯಾಕ್ಸನ್ ಮೇಲೆ. ಈ ಸಲ ಪುಟಪುಟಕ್ಕೂ ಎದ್ದು ಕಂಡಿದ್ದು ಜಾತಿ. ಹೌದು ವೈನಿ, ಆ ದೇಶದಲ್ಲಿ ಎಂಟು ಜಾತಿ, ಎಲ್ಲದಕ್ಕೂ ನಂಬರ್. ಒಂದು ಅಂದರೆ ರಾಜಮನೆತನ. ಐದು ಅಂದರೆ ಕಲಾವಿದರು. ಆರು ಅಂದರೆ ಮನೆಗೆಲಸದವರು. ಎಂಟು ಅಂದರೆ ಮನೆಮಠ ಇಲ್ಲದವರು. ಯಾವ ನಂಬರಿನಲ್ಲಿ ಹುಟ್ಟಿದೆಯೋ ಅದೇ ಕೆಲಸ, ಅಷ್ಟೇ ಕೂಲಿ. ಅಮೆರಿಕಾ ಐದು. ಅವಳು ಪ್ರೀತಿಸೋ ಆಸ್ಪೆನ್ ಆರು.

ಒಂದು ಜಾಗ ಹೇಳುತ್ತೇನೆ. ಮರದ ಮೇಲೆ ಕಟ್ಟಿದ ಪುಟ್ಟ ಮನೆಯಲ್ಲಿ ಇಬ್ಬರೂ ಕದ್ದು ಸೇರುತ್ತಿರುತ್ತಾರೆ. ಅವಳು ಒಂದು ರಾತ್ರಿ ಅವನಿಗಾಗಿ ಒಳ್ಳೊಳ್ಳೆ ಅಡುಗೆ ಮಾಡಿ ತಂದು ಎದುರಿಗಿಡುತ್ತಾಳೆ. ಅವನಿಗೆ ಹಸಿವು. ಆದರೂ ಮುಖ ಬಾಡುತ್ತದೆ. ನಾನು ಉಣಿಸಬೇಕು, ನೀನು ನನಗೆ ಉಣಿಸೋದಾ ಅನ್ನೋ ಸಂಕಟ ಅವನಿಗೆ. ಅಲ್ಲಿಗೇ ಸಂಬಂಧ ಮುರಿಯುತ್ತಾನೆ. ಅವಳು ಹಾಡಿದಾಗೆಲ್ಲ ಅವನು ಕೊಡುತ್ತಿದ್ದ ಚಿಲ್ಲರೆ ನಾಣ್ಯಗಳನ್ನು ಒಂದು ಜಾರಿನಲ್ಲಿ ಕೂಡಿಸಿರುತ್ತಾಳೆ. ಕೊನೆಗೆ ಒಂದೇ ಒಂದು ನಾಣ್ಯ ಉಳಿದ ಆ ಜಾರು ಅರಮನೆಗೂ ಜೊತೆಗೆ ಹೋಗುತ್ತದೆ. ಬಡತನ ಪ್ರೀತಿಗೆ ಏನು ಮಾಡುತ್ತದೆ ಅನ್ನೋದು ಆ ಅಧ್ಯಾಯದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಮುಂದಿನ ಅರಮನೆ ವರ್ಣನೆ ಎಲ್ಲ ನನಗೆ ಸಪ್ಪೆ ಅನ್ನಿಸಿತು.

ಪುಟ್ಟಿಗೆ ಇದೇ ಭಾಗ ತಟ್ಟಿದೆ. ಮೊನ್ನೆ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೊರಟಿದ್ವಲ್ಲ, ನವನಗರ ದಾಟೋ ಹೊತ್ತಿಗೆ ಕೇಳಿದಳು: "ಅತ್ತಿ, ಅವರು ಮದುವೆಯಾದರೆ ಇವಳೇ ಯಾಕೆ ಆರು ಆಗಬೇಕು? ಅವನು ಯಾಕೆ ಐದು ಆಗಬಾರದು?" ಆ ದೇಶದಲ್ಲಿ ಗಂಡನ ನಂಬರೇ ಹೆಂಡತಿಗೆ. ಇಂಥಾ ಪ್ರಶ್ನೆ ಪಾಠದ ಪುಸ್ತಕ ಓದಿ ಅವಳು ಯಾವತ್ತೂ ಕೇಳಿರಲಿಲ್ಲ.

ಇನ್ನೊಂದು. ಆ ಕಥೆಯಲ್ಲಿ ಬೇರೆ ಜಾತಿಯವರನ್ನು ಮದುವೆಯಾಗಬೇಕಾದರೆ ಅರ್ಜಿ ಹಾಕಿ 90 ದಿನ ಕಾಯಬೇಕು. ಮನಸ್ಸು ಬದಲಾಗಲಿ ಅಂತ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸು ಇದೆ. ಹುಡುಗ ಹುಡುಗಿ ಹೆಸರು ಬರೆದು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸುತ್ತಾರೆ. ಇದನ್ನು ಪುಟ್ಟಿಗೆ ಹೇಳಿದಾಗ ಅವಳು ನಂಬಲೇ ಇಲ್ಲ. ಫೋನಿನಲ್ಲಿ ಹುಡುಕಿ ನೋಡಿ ಆಮೇಲೆ ಸುಮ್ಮನಾದಳು.

ಇನ್ನು ಆ 35 ಹುಡುಗಿಯರ ವಿಷಯ. ಫಾರ್ಮು ತುಂಬೋದು, ಫೋಟೋ ತೆಗೆಸೋದು, ಏನು ಓದಿದ್ದೀ, ಏನು ಬರುತ್ತದೆ ಅನ್ನೋದು. ನಮ್ಮಲ್ಲಿ ಕನ್ಯಾ ನೋಡಲಿಕ್ಕೆ ಬರೋ ದಿನ ನೆನಪಾಗಲ್ವಾ ವೈನಿ? ಶಿರಾ ಉಪ್ಪಿಟ್ಟು ಒಂದು ಇಲ್ಲ ಅಷ್ಟೇ. ಅಮೆರಿಕಾಳ ತಾಯಿ ಅಂತೂ, ಹೆಸರು ಕೊಟ್ಟರೆ ನಿನ್ನ ದುಡಿಮೆಯಲ್ಲಿ ಅರ್ಧ ನೀನೇ ಇಟ್ಟುಕೋ ಅಂತ ಮಗಳ ಜೊತೆ ಚೌಕಾಶಿಗೆ ಕೂರುತ್ತಾಳೆ. ಈ ತಾಯಿ ಮೇಲೆ ಮೊದಲು ನನಗೆ ಸಿಟ್ಟಿತ್ತು. ಈಗ ಪಾಪ ಅನ್ನಿಸುತ್ತದೆ.

ಹುಡುಗಿ ಕೆಟ್ಟದ್ದು ಕಲಿತಾಳು ಅನ್ನೋ ಹೆದರಿಕೆ ಇದ್ದರೆ ಬಿಟ್ಟುಬಿಡಿ. ರಾಜಕುಮಾರ ತಪ್ಪು ತಿಳಿದು ಹತ್ತಿರ ಬಂದಾಗ ಈ ಹುಡುಗಿ ಮೊಣಕಾಲಿನಿಂದಲೇ ಉತ್ತರ ಕೊಡುತ್ತಾಳೆ. ಅವನೂ ಬುದ್ಧಿ ಕಲಿಯುತ್ತಾನೆ. ಜನ ಹಸಿದು ಮಲಗುತ್ತಾರೆ ಅನ್ನೋದೇ ಅವನಿಗೆ ಗೊತ್ತಿರೋದಿಲ್ಲ, ಅದನ್ನೂ ಅವಳಿಂದಲೇ ತಿಳಿಯುತ್ತಾನೆ.

ಪುಟ್ಟಿ, ನೀನೂ ಗ್ರೂಪಿನಲ್ಲಿದ್ದೀ. ಎರಡನೇ ಪುಸ್ತಕ ಮುಗಿದಿಲ್ಲ ಅಂದರೆ ಮುಂದಿನ ಪ್ಯಾರಾ ಬಿಟ್ಟುಬಿಡು.

ಎರಡನೆಯದು 2013ರದು. ಅಮೆರಿಕಾಳ ಗೆಳತಿ ಮಾರ್ಲಿ ಅಂತ. ಅವಳು ಅರಮನೆ ಕಾವಲುಗಾರನನ್ನು ಪ್ರೀತಿಸಿ ಸಿಕ್ಕಿಬೀಳುತ್ತಾಳೆ. ಇಬ್ಬರಿಗೂ ಜನರ ಎದುರಿಗೇ ಬೆತ್ತದ ಏಟು, ಮೇಲೆ ಎಂಟಕ್ಕೆ ಇಳಿಸುತ್ತಾರೆ. ಓದುವಾಗ ನನಗೆ ಬಸವಣ್ಣನವರ ಕಾಲದ ಕಲ್ಯಾಣವೇ ಕಣ್ಣಮುಂದೆ ಬಂತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೆ ಬಿಜ್ಜಳ ಎಳೆಹೂಟೆ ಶಿಕ್ಷೆ, ಅಂದರೆ ಆನೆ ಕಾಲಿಗೆ ಕಟ್ಟಿ ಎಳೆಸೋ ಶಿಕ್ಷೆ ಕೊಟ್ಟ ಕಥೆ ನಿಮಗೆ ಗೊತ್ತೇ ಇದೆ. ಕಾರ್ನಾಡರು 1990ರಲ್ಲಿ 'ತಲೆದಂಡ' ನಾಟಕ ಬರೆದಿದ್ದು ಅದರ ಮೇಲೆಯೇ, ನಿಮ್ಮ ಮನೆ ಕಪಾಟಿನಲ್ಲೇ ಇದೆ. ಇಲ್ಲಿ ಕ್ಯಾಸ್ ನನಗೆ ಸಾಲದು ಅನ್ನಿಸುತ್ತಾಳೆ. ಅಮೆರಿಕಾ ಟಿವಿಯಲ್ಲೇ ನಿಂತು ಜಾತಿ ತೆಗೆದುಹಾಕಿ ಅನ್ನುತ್ತಾಳೆ, ರಾಜ ಕೆಂಡವಾಗುತ್ತಾನೆ, ಅದು ಚೆನ್ನಾಗಿದೆ. ಆದರೆ ಕೊನೆಗೆ ಬದಲಾವಣೆ ಅರಮನೆಯಿಂದಲೇ ಇಳಿದು ಬರಬೇಕು, ಒಳ್ಳೆ ರಾಜ ಕೊಡಬೇಕು. ಕಲ್ಯಾಣದಲ್ಲಿ ಅದನ್ನು ಹೊತ್ತವರು ಚಪ್ಪಲಿ ಹೊಲಿಯೋರು, ಮಡಿವಾಳರು, ಅಂಬಿಗರು. ಕ್ಯಾಸ್ ಪುಸ್ತಕದ ಏಳು, ಎಂಟನೇ ನಂಬರಿನವರಿಗೆ ಅಂಥಾ ಬಾಯಿ ಎಲ್ಲಿದೆ?

ಅದಕ್ಕೇ ನನ್ನ ಮಾತು ಇಷ್ಟೇ. ಕಸಿದುಕೊಳ್ಳಬೇಡಿ. ಓದೋದನ್ನು ರಾತ್ರಿ ಊಟದ ನಂತರ ಅಂತ ಇಟ್ಟುಕೊಳ್ಳಲಿ, ಪರೀಕ್ಷೆ ಹತ್ತಿರ ಬಂದಾಗ ನಾನೇ ಹೇಳುತ್ತೇನೆ. ಮೊದಲ ಮೂರು ಪುಸ್ತಕ ಸಾಕು, ಅದರ ಮುಂದಿನವು ಮಗಳ ಕಾಲದ ಕಥೆ, ಅವಸರ ಇಲ್ಲ. ಮೂರನೆಯದು ನನ್ನ ಹತ್ತಿರ ಇದೆ, ಭಾನುವಾರ ಹುಬ್ಬಳ್ಳಿಗೆ ಬರುವಾಗ ತರುತ್ತೇನೆ. 'ತಲೆದಂಡ' ತೆಗೆದು ಇಟ್ಟಿರಿ ವೈನಿ, ಅದನ್ನು ಅವಳೂ ನಾನೂ ಕೂತು ಓದುತ್ತೇವೆ. ನೀವೂ ಬನ್ನಿ, ಬಿಜ್ಜಳನ ಮಾತು ಅಣ್ಣ ಓದಲಿ, ಅವನ ದನಿ ಅದಕ್ಕೆ ಸರಿ ಹೊಂದುತ್ತದೆ.